ರೊಟ್ಟಿ ಕೇಳುವ ಭಾಷೆ

ಸರ್ಕಾರದ ಯಾವ ಎಣಿಕೆ ಬಂದರೂ ಅದು ಕೊನೆಗೆ ಶಾಲೆಯವರ ಕೊರಳಿಗೇ ಬೀಳುತ್ತದೆ. ಶಹಾಪುರದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತ ಅರ್ಧ ಆಯುಷ್ಯ ಕಳೆದಿರುವ ನಾನು ಈ ನೆಪದಲ್ಲಿ ಎಷ್ಟೋ ಓಣಿ ತಿರುಗಿದ್ದೇನೆ. ಹೋದ ಸಲ ಒಂದು ಮನೆಯ ಮುಂದೆ ನಿಂತು, ಮನೆಯಲ್ಲಿ ಯಾವ ಭಾಷೆ ಮಾತಾಡುತ್ತೀರಿ, ಇಂಗ್ಲಿಷ್ ಯಾರಿಗೆ ಬರುತ್ತದೆ ಎಂದು ಕೇಳಿದೆ. ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ ಹೆಣ್ಣುಮಗಳು ಉತ್ತರ ಹೇಳುವ ಮೊದಲು ಗಂಡನ ಮುಖ ನೋಡಿದಳು. "ಕನ್ನಡ ಬರ್ಕೋರಿ ಟೀಚರ್, ಬರೇ ಕನ್ನಡ," ಎಂದ ಅವನು. ಒಳಗೆ ಒಬ್ಬ ಮುದುಕಿ ಮೊಮ್ಮಗುವನ್ನು ಲಂಬಾಣಿಯಲ್ಲಿ ಗದರುತ್ತಿದ್ದಳು. ಅದು ನನಗೂ ಕೇಳುತ್ತಿತ್ತು, ನನಗೆ ಕೇಳುತ್ತಿದೆ ಎಂಬುದು ಅವರಿಗೂ ಗೊತ್ತಿತ್ತು. ನಾನು ಕನ್ನಡ ಅಂತಲೇ ಬರೆದುಕೊಂಡೆ. ಓಣಿಯ ತಿರುವಿಗೆ ಬರುವಷ್ಟರಲ್ಲಿ ನನ್ನ ಕಿವಿಗಳು ಬಿಸಿಯಾಗಿದ್ದವು. ಅವರ ಮನೆಯ ನಾಚಿಕೆಯನ್ನು ನಾನೇಕೆ ಹೊತ್ತುಕೊಳ್ಳಲಿ? ಹೊತ್ತದ್ದು ನಮ್ಮ ಮನೆಯದೇ. ಅದು ಹಳೆಯದು, ಇನ್ನೂ ಸವೆದಿಲ್ಲ.

ನಮ್ಮ ಮನೆ ಇದ್ದದ್ದು ಸುರಪುರಕ್ಕೆ ಹತ್ತಿಕೊಂಡಿರುವ ರಂಗಂಪೇಟೆಯಲ್ಲಿ. ಮಣ್ಣಿನ ಮಾಳಿಗೆ. ಮುಂದೆ ಪಡಸಾಲೆ, ನಡುವೆ ಜೋಳದ ಚೀಲ ಒಟ್ಟಿದ ಕತ್ತಲ ನಡುಮನೆ, ಹಿಂದೆ ಅಡುಗೆಮನೆ, ಅದರ ಹಿಂದೆ ಎರಡು ಆಡು ಕಟ್ಟುವ ಹಿತ್ತಲು. ಪಕ್ಕದಲ್ಲಿ ನೇಕಾರ ಈರಣ್ಣನ ಮಗ್ಗದ ಸದ್ದು ಬೆಳಗಿನಿಂದ ಶುರುವಾದರೆ ಕತ್ತಲಾಗಿ ಕಣ್ಣು ಕಾಣದಾಗುವ ತನಕ ನಿಲ್ಲುತ್ತಿರಲಿಲ್ಲ. ಒಂದೊಂದು ಅಂಕಣಕ್ಕೆ ಒಂದೊಂದು ಭಾಷೆ ಇತ್ತೆಂದರೆ ಸುಳ್ಳಲ್ಲ. ನಡುಮನೆ ನಮ್ಮ ಆಯಿಯದು, ಅಂದರೆ ಅಪ್ಪನ ತಾಯಿಯದು. ಕೊಂಕಲ್ಲೆಂಬ ಹಳ್ಳಿಯಲ್ಲಿ ಕುರಿ ಹಿಂಡಿನ ಹಿಂದೆ ತಿರುಗಿ ಮುದುಕಿಯಾದವಳು. ಅವಳ ಕನ್ನಡದಲ್ಲಿ ಅರ್ಧ ಉರ್ದು ಬೆರೆತಿತ್ತು, ಆದರೆ ಅದು ಉರ್ದು ಎಂದು ಅವಳಿಗೆ ತಿಳಿದಿರಲಿಲ್ಲ. ಇಜ್ಜತ್ತು, ಫಿಕೀರು, ಖಬರು, ವಖತ್ತು ಎಲ್ಲ ಕೊಂಕಲ್ಲಿನ ಮಾತೇ ಅವಳ ಪಾಲಿಗೆ. ಅದು ಸಾಲದೆಂದು ಕುರಿಗಳಿಗೆ ಬೇರೆಯೇ ಒಂದು ಭಾಷೆ ಇಟ್ಟುಕೊಂಡಿದ್ದಳು. ನಾಲಿಗೆ ಅಂಗುಳಕ್ಕೆ ಬಡಿದು ಟರ್ರ್ ಎಂದರೆ ಹಿತ್ತಲಿನ ಆಡು ಕೂಡ ಕಿವಿ ನಿಮಿರಿಸುತ್ತಿತ್ತು.

ಅಡುಗೆಮನೆ ಅವ್ವನದು. ಅವ್ವ ಗುರುಮಠಕಲ್ಲಿನ ಆಚೆಯ ಹಳ್ಳಿಯವಳು, ತವರಿನ ಮಾತು ತೆಲುಗು. ನಮ್ಮನ್ನು ಎಬ್ಬಿಸಿದ್ದು, ಎರೆದದ್ದು, ಬೈದದ್ದು, ಮುದ್ದು ಮಾಡಿದ್ದು ಎಲ್ಲ ತೆಲುಗಿನಲ್ಲೇ. ಹೊಸ್ತಿಲು ದಾಟಿದರೆ ಕನ್ನಡ, ಬೀದಿಗೆ ಇಳಿದರೆ ದಖನಿ ಉರ್ದು. ನಾನೂ ನನ್ನ ಅಣ್ಣ ಮಾಳಪ್ಪನೂ ಶಾಲೆಗೆ ಹೋಗುವ ಮೊದಲೇ ಇಷ್ಟು ಮಾತು ಕಲಿತಿದ್ದೆವು. ಇವೆಲ್ಲ ಭಾಷೆಗಳು, ಇವನ್ನು ಕಲಿಯುವುದೂ ಒಂದು ವಿದ್ಯೆ ಎಂದು ನಮಗೆ ಯಾರೂ ಹೇಳಿರಲಿಲ್ಲ. ಭಾಷೆ ಅಂದರೆ ಒಂದೇ, ಇಂಗ್ಲಿಷ್. ಅದು ಅಪ್ಪನ ಹತ್ತಿರ ಪಡಸಾಲೆಯಲ್ಲಿತ್ತು.

ಅಪ್ಪ ಸಾಬಣ್ಣ ಸುರಪುರದ ಕಚೇರಿಯಲ್ಲಿ ಗುಮಾಸ್ತ. ಕುರಿ ಬಿಟ್ಟು ಕಾಗದ ಹಿಡಿದವರಲ್ಲಿ ನಮ್ಮ ಮನೆತನಕ್ಕೆ ಅವನೇ ಮೊದಲನೆಯವನು. ಓಣಿಯ ಜನ ಅವನನ್ನು ಇಂಗ್ಲೀಷ ಸಾಬಣ್ಣ ಎನ್ನುತ್ತಿದ್ದರು. ಸಂಜೆ ಪಡಸಾಲೆಯ ಕಟ್ಟೆಗೆ ಮಂದಿ ಬರುತ್ತಿದ್ದರು. ಔಷಧಿಯ ಡಬ್ಬಿ, ತಂತಿ, ಕೋರ್ಟಿನ ಕಾಗದ, ಏನೇ ಇರಲಿ ಕನ್ನಡಕ ಏರಿಸಿ ಓದಿ ತಿಳಿಸುತ್ತಿದ್ದ. ಕಚೇರಿಯ ಅರ್ಜಿಗಳನ್ನು ನಕಲು ಮಾಡಿ ಮಾಡಿ ಕಲಿತ ಇಂಗ್ಲಿಷ್ ಅದು. ಬರೆಯಲು ಕೂತರೆ ತಪ್ಪಿಲ್ಲದೆ ಬರೆಯುತ್ತಿದ್ದ. ಮಾತಾಡಲು ಮಾತ್ರ ಅವನಿಗೆ ಯಾರೂ ಇರಲಿಲ್ಲ. ಇಡೀ ರಂಗಂಪೇಟೆಯಲ್ಲಿ ಅವನಿಗೆ ಇಂಗ್ಲಿಷಿನಲ್ಲಿ ಉತ್ತರ ಕೊಡುವವರು ಒಬ್ಬರಿದ್ದಿದ್ದರೂ ನಮ್ಮ ಮನೆಯ ಕಥೆ ಬೇರೆಯಾಗುತ್ತಿತ್ತೇನೋ.

ತೆಲುಗು ಅಪ್ಪನಿಗೆ ಬರುತ್ತಿರಲಿಲ್ಲ. ಹಾಗೆಂದು ಅವನೇ ಹೇಳುತ್ತಿದ್ದ. "ಗಡಿಗ್ಯಾಗ ಹಳ್ಳು ಹಾಕಿ ಅಲ್ಲಾಡ್ಸಿದಂಗ ಕೇಳ್ತದ, ಒಂದೂ ತಿಳೆಂಗಿಲ್ಲ ನನಗ," ಎಂದು ಬಂದವರ ಮುಂದೆ ನಗುತ್ತಿದ್ದ. ಅದರಿಂದ ನಮಗೆ ಭಾರಿ ಅನುಕೂಲವಾಗಿತ್ತು. ಅವನ ಎದುರೇ ಅವನ ಬಗ್ಗೆ ಏನು ಬೇಕಾದರೂ ಆಡಬಹುದಿತ್ತು. ಅವ್ವ ಅವನಿಗೆ 'ದೊರ', ಅಂದರೆ ದೊರೆ, ಎಂದು ಹೆಸರಿಟ್ಟಿದ್ದಳು. ಕೊಡೆ ಹಿಡಿದು ಉದ್ದ ಕಾಲು ಹಾಕುತ್ತ ಕಚೇರಿಯಿಂದ ಬರುವುದನ್ನು ಕಂಡರೆ, "ಬಂತು ನೋಡ್ರಿ ಕೊಕ್ಕರೆ," ಎಂದು ತೆಲುಗಿನಲ್ಲಿ ಹೇಳಿ ಮುಖ ತಿರುಗಿಸಿ ನಗುತ್ತಿದ್ದಳು. ನಾವೂ ನಗುತ್ತಿದ್ದೆವು. ಅಪ್ಪ ಸಿಟ್ಟಿನಲ್ಲಿ ತಾಟು ಸರಿಸಿದರೆ ರೊಟ್ಟಿ ಬಡಿಯುತ್ತಲೇ ಅವ್ವ ಅದೇ ಭಾಷೆಯಲ್ಲಿ, ಸಾಹೇಬರ ಮುಂದೆ ಬಾಯಿ ಬಿಡಲಾರದವರೆಲ್ಲ ಹೆಂಡತಿ ಮಕ್ಕಳ ಮುಂದೆ ಹುಲಿ, ಎಂದು ಹಾಡಿನ ಹಾಗೆ ಹೇಳುತ್ತಿದ್ದಳು. ಅಣ್ಣನಿಗೆ ಅನ್ನ ನೆತ್ತಿಗೇರುವಷ್ಟು ನಗು. ಅಪ್ಪ ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿ, ಏನೂ ತಿಳಿಯದವನ ಹಾಗೆ ತಲೆ ತಗ್ಗಿಸಿ ಉಣ್ಣುತ್ತಿದ್ದ. ಅವ್ವ ಕೆಟ್ಟವಳಲ್ಲ. ದಿನವಿಡೀ ದುಡಿಯುವ ಹೆಂಗಸಿಗೆ ಗಂಡನ ಮೇಲೆ ಒಂದು ಮಾತು ಹೇಳಿ ಹಗುರಾಗುವ ಹಕ್ಕು ಇದ್ದೇ ಇದೆ. ನಮಗೆ ಮಾತ್ರ ಅದು ಹಬ್ಬವಾಗಿತ್ತು. ಬರೆಯಲು ನಾಚಿಕೆಯಾಗುತ್ತದೆ, ಆದರೆ ಬಾಲ್ಯದಲ್ಲಿ ನಾನು ಅತಿ ಹೆಚ್ಚು ನಕ್ಕದ್ದು ಅಪ್ಪನ ಎದುರು ಕುಳಿತು ಅಪ್ಪನನ್ನೇ ಕುರಿತು.

ಅಣ್ಣ ಮೆಟ್ರಿಕ್ಕಿನಲ್ಲಿ ಇಂಗ್ಲಿಷ್ ಒಂದರಲ್ಲೇ ಫೇಲಾದ. ಇಂಗ್ಲೀಷ ಸಾಬಣ್ಣನ ಮಗ ಇಂಗ್ಲಿಷಿನಲ್ಲಿ ಫೇಲು ಎಂಬ ಸುದ್ದಿ ಮಗ್ಗದಿಂದ ಮಗ್ಗಕ್ಕೆ ಹಬ್ಬಿತು. ಆ ದಿನ ಸಂಜೆ ಕಟ್ಟೆಗೆ ಯಾರೂ ಬರಲಿಲ್ಲ. ಊಟಕ್ಕೆ ಕುಳಿತಾಗ ಅಪ್ಪ ಬೈಯುತ್ತಾನೆ ಎಂದುಕೊಂಡಿದ್ದೆವು. ಬೈಯಲಿಲ್ಲ. ನಿಧಾನಕ್ಕೆ ಹೇಳಿದ.

"ಇವತ್ತಿನಿಂದ ಸಂಜೀ ಊಟಕ್ಕ ಕುಂತಾಗ ಇಂಗ್ಲೀಷ ಬಿಟ್ಟು ಬ್ಯಾರೆ ಮಾತಿಲ್ಲ. ಕನ್ನಡ ಇಲ್ಲ, ತೆಲುಗಂತೂ ಇಲ್ಲೇ ಇಲ್ಲ. ಇಂಗ್ಲೀಷಿನಾಗ ಕೇಳಿದೋರಿಗೆ ರೊಟ್ಟಿ. ಇಲ್ಲಾಂದ್ರ ನೀರು ಕುಡದು ಏಳ್ರಿ."

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು. "ಮತ್ತ ನಾನು?"

"ನೀ ಕೇಳಿಸ್ಕೊಂಡು ಬಡಸು."

ಹೀಗೆ ಶುರುವಾಯಿತು ನಮ್ಮ ಇಂಗ್ಲಿಷ್ ಊಟ. ದೀಪ ಹಚ್ಚುವ ಹೊತ್ತಿಗೆ ಅಡುಗೆಮನೆಯ ಒಲೆಯ ಮುಂದೆ ಸಾಲಾಗಿ ಕೂರುತ್ತಿದ್ದೆವು. ಆಯಿ ನಮಗಿಂತ ಮೊದಲೇ ಉಂಡು ಕೈ ತೊಳೆದುಬಿಡುತ್ತಿದ್ದಳು. "ನಂದು ಮುಗೀಲಿ, ಆಮ್ಯಾಲ ನಿಮ್ಮ ಇಂಗ್ಲೀಷ ಚಾಲೂ ಮಾಡ್ರಿ. ತುತ್ತು ಗಂಟಲಾಗ ಸಿಕ್ಕರ ನೀರು ಅಂತ ಯಾವ ಮಾತಿನಾಗ ಕೇಳ್ಲಿ ನಾನು?" ಎಂದು ನಡುಮನೆಯ ಹೊಸ್ತಿಲ ಮೇಲೆ ಕುಳಿತು ನಮ್ಮನ್ನು ನೋಡುತ್ತಿದ್ದಳು. ಅಪ್ಪ ಬೆನ್ನು ನೇರ ಮಾಡಿಕೊಂಡು, "ದಿ ಚಟ್ನಿ ಮೇ ಬಿ ಫಾರ್ವರ್ಡೆಡ್," ಎನ್ನುತ್ತಿದ್ದ. ಪುಂಡಿಪಲ್ಯಕ್ಕೆ ಉಪ್ಪು ಕಡಿಮೆಯಾದರೆ, "ಸಾಲ್ಟ್ ಈಸ್ ಇನ್ ಶಾರ್ಟೇಜ್." ನಾನು ಬೇಗ ಕಲಿತೆ. ಪ್ಲೀಸ್ ಗಿವ್ ಮಿ ಒನ್ ರೊಟ್ಟಿ, ಪ್ಲೀಸ್ ಗಿವ್ ಮಿ ವಾಟರ್. ಅಣ್ಣ ಎರಡು ರೊಟ್ಟಿ ತನಕ ಹೇಗೋ ಕೇಳಿ, ಮೂರನೆಯದನ್ನು ಕೇಳಲು ಬಾಯಿ ಬಾರದೆ ಎದ್ದುಬಿಡುತ್ತಿದ್ದ. ಆಮೇಲೆ ಹಿತ್ತಲಿನಲ್ಲಿ ಆಡಿನ ಗೂಟದ ಹತ್ತಿರ ಅವ್ವ ಅವನಿಗೆ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಹಚ್ಚಿದ ರೊಟ್ಟಿ ಕೊಡುತ್ತಿದ್ದಳು. ನಾನೂ ಅಲ್ಲಿಗೆ ಸೇರಿಕೊಳ್ಳುತ್ತಿದ್ದೆ. ಊಟದ ಹೊತ್ತಿನಲ್ಲಿ ಅದುಮಿಟ್ಟ ತೆಲುಗೆಲ್ಲ ಅಲ್ಲಿ ಉಕ್ಕಿ ಬರುತ್ತಿತ್ತು. ಚಟ್ನಿ ಫಾರ್ವರ್ಡ್ ಆದದ್ದನ್ನು ಅವ್ವ ಅಪ್ಪನ ದನಿಯಲ್ಲೇ ಆಡಿ ತೋರಿಸುತ್ತಿದ್ದಳು. ಒಳಗೆ ಅಪ್ಪ ಒಬ್ಬನೇ ಅಡಿಕೆ ಕತ್ತರಿಸುವ ಸದ್ದು ಕೇಳುತ್ತಿತ್ತು. ಗೋಡೆ ಮಣ್ಣಿನದು, ತೆಳುವೇನಲ್ಲ. ಆದರೆ ಹಿತ್ತಲ ಬಾಗಿಲನ್ನು ಯಾರೂ ಮುಚ್ಚುತ್ತಿರಲಿಲ್ಲ.

ಆ ನಡುವೆಯೇ ಮನೆಮನೆ ಎಣಿಕೆಗೆ ಒಬ್ಬ ಮಾಸ್ತರರು ಬಂದರು. ಪಡಸಾಲೆಯಲ್ಲಿ ಕೂಡಿಸಿ ಅವರಿಗೆ ಚಹಾ ಕೊಟ್ಟದ್ದು ನಾನೇ. ಮನೆಮಾತು ಯಾವುದು ಎಂದು ಕೇಳಿದರು.

"ಎಲ್ಲಾರಿಗೂ ಕನ್ನಡ ಬರೀರಿ," ಎಂದ ಅಪ್ಪ.

"ಅಕ್ಕಾರದು ಗುರುಮಠಕಲ್ ಕಡೆ ಅಲ್ರಿ?"

"ನನ್ನ ಮನಿಗಿ ಬಂದ ಮ್ಯಾಲ ಕನ್ನಡಾನೇ. ಎರಡನೇ ಭಾಷಾ ಕೇಳ್ರಿ. ಇಂಗ್ಲೀಷ. ಎಲ್ಲಾರಿಗೂ ಇಂಗ್ಲೀಷ ಹಚ್ಚರಿ."

ಮಾಸ್ತರರು ಹೊಸ್ತಿಲಲ್ಲಿ ಎಲೆ ಅಡಿಕೆ ಕುಟ್ಟುತ್ತಿದ್ದ ಆಯಿಯ ಕಡೆ ನೋಡಿದರು. "ಮುದುಕವ್ವಗೂ ಏನ್ರಿ?"

"ಹಚ್ಚರಿ. ದಿನಾ ಕೇಳ್ತಾಳ."

ಹೀಗೆ ಕೊಂಕಲ್ಲಿನಲ್ಲಿ ಕುರಿ ಕಾಯುತ್ತಿದ್ದ ನಮ್ಮ ಆಯಿ ಇಂಗ್ಲಿಷ್ ಬಲ್ಲವರ ಲೆಕ್ಕಕ್ಕೆ ಸೇರಿದಳು, ಅವ್ವ ತೆಲುಗು ಬಾರದವಳಾದಳು. ಬಾಗಿಲ ಹಿಂದೆ ನಿಂತು ಅವ್ವ ಎಲ್ಲ ಕೇಳಿಸಿಕೊಂಡಳು. ಆ ಸಂಜೆ ಹಿತ್ತಲಿನಲ್ಲಿ ಅವಳು ಅಪ್ಪನ ದನಿ ಆಡಿ ತೋರಿಸಲಿಲ್ಲ. ನಾನು ಎರಡು ಸಲ ಕೇಳಿದೆ, "ಸುಮ್ಕಿರು" ಎಂದು ಕನ್ನಡದಲ್ಲಿ ಗದರಿದಳು.

ಅಣ್ಣ ಮತ್ತೆ ಫೇಲಾದ. ಆಗ ನಮ್ಮ ಕಡೆ ಕಾಲುವೆ ಕೆಲಸ ಜೋರಾಗಿತ್ತು. ಸುರಪುರದ ಸುತ್ತ ಅಲ್ಲಲ್ಲಿ ಕ್ಯಾಂಪುಗಳು, ಜೀಪುಗಳು, ಆಂಧ್ರದ ಮಂದಿ. ಒಂದು ಕ್ಯಾಂಪಿನಲ್ಲಿ ಕೂಲಿಯವರ ಹಾಜರಿ ಬರೆಯಲು ಹುಡುಗ ಬೇಕಾಗಿದ್ದಾನೆ ಎಂದು ಅಪ್ಪನಿಗೆ ತಿಳಿಯಿತು. ಅಲ್ಲಿನ ದೊಡ್ಡ ಇಂಜಿನಿಯರು ಕಚೇರಿಗೆ ಬಂದಾಗ ಅಪ್ಪ ಇಂಗ್ಲಿಷಿನಲ್ಲಿ ಒಂದು ಅರ್ಜಿ ಬರೆದು ಕೈಗೆ ಕೊಟ್ಟನಂತೆ. ಅವರು ಓದಿ, ಯಾರು ಬರೆದದ್ದು, ಬಹಳ ಚೆನ್ನಾಗಿದೆ ಎಂದರಂತೆ. ಆ ಒಂದು ಮಾತಿನ ಮೇಲೆ ಅಪ್ಪ ಅವರನ್ನು ಭಾನುವಾರ ಮಧ್ಯಾಹ್ನದ ಊಟಕ್ಕೆ ಕರೆದು ಬಂದ. ಅಣ್ಣನ ಹೊಟ್ಟೆಪಾಡು ಆ ಊಟದ ಮೇಲೆ ನಿಂತಿತು. ಇಲ್ಲವೆಂದರೆ ಅವನು ಕೊಂಕಲ್ಲಿಗೆ ಹೋಗಿ ಚಿಕ್ಕಪ್ಪನ ಕುರಿ ಹಿಂದೆ ತಿರುಗಬೇಕು. ಅಪ್ಪ ಬಿಟ್ಟು ಬಂದ ಕೋಲನ್ನೇ ಮಗ ಮತ್ತೆ ಹಿಡಿಯಬೇಕು.

ಅವ್ವ ಹಿಂದಿನ ದಿನ ಮೆಲ್ಲಗೆ ಕೇಳಿದಳು. "ಆ ಸಾಹೇಬ್ರು ತೆಲುಗು ಮಂದಿ ಅಂತಲ್ರಿ. ನಾ ಎರಡು ಮಾತು ಆಡ್ಲೇನು? ಹುಡುಗನ ಸಲುವಾಗಿ."

"ಅಂಥಾ ದೊಡ್ಡೋರ ಮುಂದ ಅಡಗಿಮನಿ ಮಾತು ತೆಗದು ನನ್ನ ಇಜ್ಜತ್ತು ಕಳೀಬ್ಯಾಡ," ಎಂದ ಅಪ್ಪ. "ತೆಲುಗು ಒಂದಕ್ಷರ ಬಾಯಾಗಿಂದ ಬರಬಾರ್ದು. ಹುಡುಗೂರಿಗೂ ಹೇಳಿಡು."

ಅವ್ವ ಹೇಳಿಟ್ಟಳು. ಅಪ್ಪ ನಮಗೆ ತಾಲೀಮು ಕೊಟ್ಟ. ನನ್ನ ಮಾತು, ಪ್ಲೀಸ್ ಟೇಕ್ ಒನ್ ಮೋರ್ ಸರ್. ಅಣ್ಣನದು, ಮೈ ನೇಮ್ ಈಸ್ ಮಾಳಪ್ಪ, ಐ ಆಮ್ ಎ ಹಾರ್ಡ್ ವರ್ಕಿಂಗ್ ಬಾಯ್. ಆಯಿಗೆ ನಡುಮನೆಯಿಂದ ಹೊರಬರಬೇಡ ಎಂದು ಕಟ್ಟಪ್ಪಣೆ. ಅವ್ವ ಕೋಳಿ ಸಾರು ಮಾಡಿದಳು, ಅಕ್ಕಿ ತರಿಸಿ ಅನ್ನ ಮಾಡಿದಳು. ಯಾರೂ ಹೇಳದಿದ್ದರೂ ಪುಂಡಿಸೊಪ್ಪನ್ನು ತನ್ನ ತವರಿನ ರೀತಿಯಲ್ಲಿ ಒಣಮೆಣಸು, ಬೆಳ್ಳುಳ್ಳಿ ಹಾಕಿ ಎಣ್ಣೆಯಲ್ಲಿ ಹುರಿದು ಕಲ್ಲಿನಲ್ಲಿ ಅರೆದಳು. ಮಾತಿಗೆ ಬೇಲಿ ಹಾಕಿದರೆ ಕೈಗೆ ಯಾರು ಹಾಕುತ್ತಾರೆ?

ಇಂಜಿನಿಯರು ಜೀಪಿನ ಡ್ರೈವರನ ಜೊತೆ ಬಂದರು. ನಡುವಯಸ್ಸಿನವರು, ನಗುಮುಖದವರು. ಪಡಸಾಲೆಯಲ್ಲಿ ಇಬ್ಬರಿಗೂ ಮಣೆ ಹಾಕಿದೆವು. ಅಪ್ಪ ಇಸ್ತ್ರಿ ಅಂಗಿ ತೊಟ್ಟು ಎದುರಿಗೆ ನಿಂತಿದ್ದ. "ಸರ್, ಕೈಂಡ್ಲಿ ಬಿ ಸೀಟೆಡ್," ಎಂದ. ಅದು ಸರಿಯಾಗಿತ್ತು. ಅಲ್ಲಿಂದ ಮುಂದೆ ಇಂಜಿನಿಯರು ಮಾತಿಗೆ ಮಾತು ಸೇರಿಸಿ ವೇಗವಾಗಿ ಇಂಗ್ಲಿಷ್ ಆಡತೊಡಗಿದರು. ಕಾಗದದ ಮೇಲೆ ಪದಗಳ ನಡುವೆ ಇರುವ ಜಾಗ ಅವರ ಬಾಯಲ್ಲಿ ಇರಲಿಲ್ಲ. ಮಕ್ಕಳು ಎಷ್ಟು ಎಂದು ಕೇಳಿದರು. "ಯೆಸ್ ಸರ್," ಎಂದ ಅಪ್ಪ. ಇಲ್ಲಿ ಎಷ್ಟು ವರ್ಷದಿಂದ ಇದ್ದೀರಿ ಎಂದರು. "ಯೆಸ್ ಸರ್, ಯೆಸ್ ಸರ್." ಆ ಪ್ರಶ್ನೆಗಳು ನನಗೆ ಅಲ್ಪಸ್ವಲ್ಪ ತಿಳಿಯುತ್ತಿದ್ದವು. ಅಪ್ಪನಿಗೆ ತಿಳಿಯುತ್ತಿಲ್ಲ ಎಂಬುದೂ ತಿಳಿಯುತ್ತಿತ್ತು. ಏನು ಓದಿದ್ದೀಯಪ್ಪಾ ಎಂದು ಅಣ್ಣನನ್ನು ಕೇಳಿದರು. ಅಣ್ಣ ಸೆಟೆದು ನಿಂತು, "ಮೈ ನೇಮ್ ಈಸ್ ಮಾಳಪ್ಪ," ಎಂದು ಶುರುಮಾಡಿ ಹಾರ್ಡ್ ವರ್ಕಿಂಗ್ ಬಾಯ್ ತನಕ ಒಂದೇ ಉಸಿರಿಗೆ ಒಪ್ಪಿಸಿದ.

ಡ್ರೈವರನಿಗೆ ನಗು ತಡೆಯಲಿಲ್ಲ. ಇಂಜಿನಿಯರು ಅವನ ಕಡೆ ನೋಡಿ, ಮುಖದ ನಗೆ ಹಾಗೆಯೇ ಇಟ್ಟುಕೊಂಡು, ತೆಲುಗಿನಲ್ಲಿ ಮೆಲ್ಲಗೆ ಹೇಳಿದರು.

"ನವ್ವಕುರಾ. ಪಾಪಂ, ಈಯನಕು ಇಂಗ್ಲಿಷ್ ರಾದು."

ನಗಬೇಡವೋ, ಪಾಪ, ಈತನಿಗೆ ಇಂಗ್ಲಿಷ್ ಬರುವುದಿಲ್ಲ. ಅದೇ ದನಿಯಲ್ಲಿ ಇನ್ನೂ ಹೇಳಿದರು. ಹುಡುಗನನ್ನು ಹಾಜರಿ ಬರೆಯಲು ಇಟ್ಟುಕೊಂಡರೆ ನಮಗೇ ತಲೆನೋವು, ಆಗುವ ಮಾತಲ್ಲ. ಆದರೆ ಒಳ್ಳೆಯ ಜನ, ಮನಸ್ಸು ನೋಯಿಸಬೇಡ, ಉಂಡು ಎದ್ದು ಹೋಗೋಣ. ಮನೆಯಲ್ಲಿ ಯಾರಿಗೂ ತೆಲುಗು ತಿಳಿಯುವುದಿಲ್ಲ ಎಂಬ ಧೈರ್ಯ ಅವರಿಗೆ. ಆ ಧೈರ್ಯ ಕೊಟ್ಟವನು ಅಪ್ಪನೇ. ನಾನು ನೀರಿನ ತಂಬಿಗೆ ಹಿಡಿದು ನಿಂತಿದ್ದೆ. ಅಣ್ಣ ನೆಲ ನೋಡುತ್ತಿದ್ದ, ಅವನ ಕುತ್ತಿಗೆ ಕೆಂಪಾಗಿತ್ತು. ಬಡಿಸುತ್ತಿದ್ದ ಅವ್ವನ ಕೈ ಒಂದು ಗಳಿಗೆ ನಿಂತು ಮತ್ತೆ ಮುಂದೆ ಹೋಯಿತು. ಅವರು ಕೆಟ್ಟ ಮಾತು ಆಡಿದ್ದರೆ ಸಿಟ್ಟಾದರೂ ಬರುತ್ತಿತ್ತು. ಕನಿಕರ ಪಟ್ಟರು. ಅದನ್ನು ಎಲ್ಲಿ ಇಟ್ಟುಕೊಳ್ಳಬೇಕೋ ನಮಗೆ ತಿಳಿಯಲಿಲ್ಲ. ಅಪ್ಪ ಮಾತ್ರ ಕೈ ಜೋಡಿಸಿ ನಗುತ್ತ, "ಯೆಸ್ ಸರ್, ಥ್ಯಾಂಕ್ಯೂ ಸರ್," ಎನ್ನುತ್ತಲೇ ಇದ್ದ.

ಆಮೇಲೆ ಇಂಜಿನಿಯರು ಪುಂಡಿಸೊಪ್ಪಿನ ಚಟ್ನಿಯನ್ನು ಅನ್ನಕ್ಕೆ ಕಲಸಿ ಬಾಯಿಗಿಟ್ಟರು. ಥೇಟ್ ನಮ್ಮಮ್ಮನ ಕೈ ಅಡುಗೆ ಎಂದು ಡ್ರೈವರನಿಗೆ ತೆಲುಗಿನಲ್ಲಿ ಹೇಳಿದರು. ಅವ್ವ ಕೇಳದೆಯೇ ಇನ್ನೊಂದು ಸೌಟು ಹಾಕಿದಳು. ಅವರು ತಲೆ ಎತ್ತಿ ಅವ್ವನ ಮುಖ ನೋಡಿದರು. ಅವ್ವ ಸೆರಗು ಎಳೆದುಕೊಂಡು ಒಳಗೆ ಬಂದುಬಿಟ್ಟಳು. ಒಂದು ಮಾತು ಆಡಿದ್ದರೆ ಅವರ ಹತ್ತಿರದವಳಾಗುತ್ತಿದ್ದಳು, ಅಣ್ಣನ ಬಗ್ಗೆ ಕೇಳಬಹುದಿತ್ತು. ಆದರೆ ಆ ಒಂದು ಮಾತು ಆಡಿದರೆ, ಮೊದಲಿನದೆಲ್ಲವೂ ನಮಗೆ ತಿಳಿದಿದೆ ಎಂದು ಅವರಿಗೆ ಗೊತ್ತಾಗುತ್ತಿತ್ತು, ಅಪ್ಪನಿಗೂ ಗೊತ್ತಾಗುತ್ತಿತ್ತು. ಒಲೆಯ ಮುಂದೆ ಕುಳಿತು ಅವಳು ಸೌಟನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಸೀರೆಗೆ ಎಣ್ಣೆ ಹತ್ತಿದ್ದೂ ಅವಳಿಗೆ ಗೊತ್ತಾಗಲಿಲ್ಲ.

ಜೀಪು ಹೋದ ಮೇಲೆ ಅಪ್ಪ ಅಂಗಳದಲ್ಲಿ ತುಸು ಹೊತ್ತು ನಿಂತಿದ್ದು ಒಳಬಂದ. "ಸಾಹೇಬ್ರು ಭಾಳ ಖುಷಿ ಆಗಿ ಹೋದ್ರು. ಮಾಳಪ್ಪಗ ಆರ್ಡರ್ ಬರ್ತದ ನೋಡ್ರಿ," ಎಂದು ಕಾಲು ತೊಳೆಯಲು ಹಿತ್ತಲಿಗೆ ಹೋದ. ಅವ್ವ ನಮ್ಮಿಬ್ಬರನ್ನು ಹತ್ತಿರ ಎಳೆದುಕೊಂಡು ಪಿಸುಗುಟ್ಟಿದಳು.

"ಮೀ ನಾಯನಕು ಚೆಪ್ಪಕಂಡ್ರಾ."

ನಿಮ್ಮಪ್ಪನಿಗೆ ಹೇಳಬೇಡಿ. ಹೇಳುವುದಿಲ್ಲ ಎಂದು ತಲೆಯಾಡಿಸಿದೆವು. ಹಿತ್ತಲಿನಲ್ಲಿ ನೀರು ಸುರಿಯುವ ಸದ್ದು ಅಷ್ಟರಲ್ಲಿ ನಿಂತಿತ್ತು ಎಂಬುದು ಆಗ ನನ್ನ ಗಮನಕ್ಕೆ ಬರಲಿಲ್ಲ.

ಅಲ್ಲಿಂದ ಮನೆಯಲ್ಲಿ ಒಂದು ವಿಚಿತ್ರ ಮರ್ಯಾದೆ ಶುರುವಾಯಿತು. ಇಂಗ್ಲಿಷ್ ಊಟ ನಡೆದೇ ಇತ್ತು. "ಆರ್ಡರ್ ವಿಲ್ ಕಮ್," ಎನ್ನುತ್ತಿದ್ದ ಅಪ್ಪ. "ಯೆಸ್," ಎನ್ನುತ್ತಿದ್ದೆವು ನಾವು. ಹಿತ್ತಲಿನ ನಗು ನಿಂತುಹೋಗಿತ್ತು. ಆಯಿಗೆ ಮಾತ್ರ ಸಮಾಧಾನವಿಲ್ಲ. "ಉಂಡು ಹೋದೋನು ಹಾಂ ಅಂದಾನೋ ನಾ ಅಂದಾನೋ? ಕುರಿ ಕೊಳ್ಳಾಕ ಬಂದೋನು ಸೈತ ಒಂದು ಮಾತು ಹೇಳಿ ಹೋಗ್ತಾನ," ಎಂದು ದಿನವೂ ಕೇಳುತ್ತಿದ್ದಳು. ಅಪ್ಪ ಕಚೇರಿಯಲ್ಲೂ ಕಟ್ಟೆಯಲ್ಲೂ ಆರ್ಡರಿನ ಸುದ್ದಿ ಹೇಳಿಬಿಟ್ಟಿದ್ದ. ಓಣಿಯಲ್ಲಿ ಹಾಯ್ದರೆ ಈರಣ್ಣ ಮಗ್ಗ ನಿಲ್ಲಿಸಿ, "ಏನ್ ಮಾಳಪ್ಪ, ಪೇಡೆ ಯಾವಾಗ?" ಎನ್ನುತ್ತಿದ್ದ. ಅಣ್ಣ ಆ ದಾರಿ ಬಿಟ್ಟು ಗುಡ್ಡದ ಕಡೆಯಿಂದ ಸುತ್ತಿ ಬರತೊಡಗಿದ.

ಒಂದು ಸಂಜೆ ಅವನಿಗೆ ಪೇಡೆಯ ಮಾತು ಮತ್ತೆ ಎದುರಾಗಿತ್ತು. ಊಟಕ್ಕೆ ಕುಳಿತೆವು. ಅಪ್ಪ ಎಂದಿನಂತೆ ಬೆನ್ನು ನೇರ ಮಾಡಿಕೊಂಡು ಆರ್ಡರಿನ ಮಾತು ತೆಗೆದ. ಅಣ್ಣ ಕೈಯಲ್ಲಿದ್ದ ರೊಟ್ಟಿ ಚೂರನ್ನು ತಾಟಿಗೆ ಬಿಟ್ಟು, ಇಂಗ್ಲಿಷೂ ಅಲ್ಲ, ತೆಲುಗೂ ಅಲ್ಲ, ನಡುಮನೆಯ ಕನ್ನಡದಲ್ಲಿ ಹೇಳಿಬಿಟ್ಟ.

"ಯಾವ ಆರ್ಡರೂ ಬರಂಗಿಲ್ಲಪ್ಪಾ. ಉಣ್ಣಾಕ ಕುಂತಾಗ್ಲೇ ಆ ಸಾಹೇಬ್ರು ಅಂದಾರ. ಡ್ರೈವರಗ ಹೇಳ್ಯಾರ ತೆಲುಗಿನ್ಯಾಗ. ನನಗ ಇಟ್ಕೊಳ್ಳಂಗಿಲ್ಲ ಅಂತ. ನಿನಗ ಇಂಗ್ಲೀಷ..."

ಅವ್ವ ಅವನ ತೋಳು ಹಿಡಿದಳು. ಆದರೆ ಮಾತು ಬಾಯಿ ದಾಟಿಯಾಗಿತ್ತು. ಅಪ್ಪ ತಲೆ ಎತ್ತಲಿಲ್ಲ. ಚಟ್ನಿಯನ್ನು ತಾಟಿನ ಅಂಚಿಗೆ ಸರಿಸುತ್ತ ಕುಳಿತಿದ್ದ. ಆಮೇಲೆ ಒಂದೇ ಮಾತು ಹೇಳಿದ.

"ತೆಲುಸು."

ಗೊತ್ತು ಎಂದ. ತೆಲುಗಿನಲ್ಲಿ. ಅಪ್ಪನ ಬಾಯಿಂದ ಆ ಭಾಷೆಯ ಮಾತನ್ನು ನಾವು ಮಕ್ಕಳು ಕೇಳಿದ್ದು ಅದೇ ಮೊದಲು. ಅಪ್ಪ ರೊಟ್ಟಿ ಮುಗಿದ ತಾಟನ್ನು ಅವ್ವನ ಕಡೆ ಚೂರು ಸರಿಸಿ, ಪಾಠ ಒಪ್ಪಿಸುವ ಹುಡುಗನ ಹಾಗೆ ಬಿಡಿಬಿಡಿಯಾಗಿ ಹೇಳಿದ.

"ಇಂಕೊಕ ರೊಟ್ಟೆ ವೆಯ್ಯಿ."

ಇನ್ನೊಂದು ರೊಟ್ಟಿ ಹಾಕು ಎಂದು. ಅವ್ವ ಹಾಕಿದಳು. ರೊಟ್ಟಿ ಅರ್ಧ ತಾಟಿನಲ್ಲಿ, ಅರ್ಧ ನೆಲದ ಮೇಲೆ ಬಿತ್ತು. ಹೊಸ್ತಿಲಲ್ಲಿದ್ದ ಆಯಿ ಕೇಳಿದಳು, "ಈಗ ಯಾವ ಮಾತು ಆಡಿದ ಇಂವ? ಇದೂ ಇಂಗ್ಲೀಷೇನು?" ಅಪ್ಪ ಆ ರೊಟ್ಟಿಯನ್ನು ಪೂರ್ತಿ ಉಂಡು, ಕೈ ತೊಳೆದು, ಪಡಸಾಲೆಗೆ ಹೋದ.

ನಾನು ತಾಟಿನ ಮುಂದೆ ಕುಳಿತೇ ಇದ್ದೆ. ಅಪ್ಪನಿಗೆ ತೆಲುಗು ತಿಳಿಯುತ್ತದೆ ಅಂದರೆ ಇಂಜಿನಿಯರ ಮಾತು ತಿಳಿದಿದೆ. ತಿಳಿದೂ ಕೈ ಜೋಡಿಸಿ ನಗುತ್ತ ನಿಂತಿದ್ದ. ನಮಗೆ ತಿಳಿದಿದೆ ಎಂಬುದೂ ಅವನಿಗೆ ತಿಳಿದಿದೆ. ಅಷ್ಟಕ್ಕೇ ಮುಗಿಯಲಿಲ್ಲ. ಕೊಕ್ಕರೆ ಗೊತ್ತು, ದೊರ ಗೊತ್ತು. ಸಾಹೇಬರ ಮುಂದೆ ಬಾಯಿ ಬಿಡಲಾರದ ಹುಲಿ ಗೊತ್ತು. ಹಿತ್ತಲಿನಲ್ಲಿ ಅವನ ದನಿ ಆಡಿ ನಕ್ಕದ್ದೆಲ್ಲ ಗೊತ್ತು. ಇಷ್ಟು ವರ್ಷ ನಾವು ಅವನ ಮುಖಕ್ಕೇ ಹೇಳಿದ್ದೆವು, ಅವನು ಏನೂ ತಿಳಿಯದವನ ಹಾಗೆ ತಲೆ ತಗ್ಗಿಸಿ ಉಂಡಿದ್ದ. ಇಂಗ್ಲಿಷ್ ಊಟವನ್ನು ಅವನು ಅಣ್ಣನ ಮೆಟ್ರಿಕ್ಕಿಗಾಗಿ ಶುರುಮಾಡಿದ ಎಂದು ನಂಬಿದ್ದೆ. ಅದಕ್ಕೂ ಇರಬಹುದು. ಆದರೆ ದಿನದಲ್ಲಿ ಅಷ್ಟು ಹೊತ್ತಾದರೂ ಹೆಂಡತಿ ಮಕ್ಕಳು ತನ್ನನ್ನು ನೋಡಿ ನಗದಿರಲಿ, ನೆಮ್ಮದಿಯಿಂದ ಎರಡು ರೊಟ್ಟಿ ಉಣ್ಣುತ್ತೇನೆ ಎಂಬುದೂ ಅದರಲ್ಲಿ ಇದ್ದಿರಬೇಕು. ಹಾಗೆ ಅನ್ನಿಸಿದಾಗ ನನಗೆ ಅಳು ಬರಲಿಲ್ಲ, ಮೈಯೆಲ್ಲ ಸುಟ್ಟಂತಾಯಿತು. ಇವತ್ತಿಗೂ ನನ್ನ ತರಗತಿಯಲ್ಲಿ ಒಂದು ಮಗು ತಪ್ಪು ಇಂಗ್ಲಿಷ್ ಆಡಿ ಉಳಿದವರು ನಕ್ಕರೆ ನಾನು ಬೋರ್ಡಿನ ಕಡೆ ತಿರುಗಿಬಿಡುತ್ತೇನೆ, ಮುಖ ಸರಿಮಾಡಿಕೊಳ್ಳಲು. ಅಣ್ಣ ಈಗ ಕಡೇಚೂರಿನ ಕಾರ್ಖಾನೆಗಳ ಹತ್ತಿರ ಖಾನಾವಳಿ ನಡೆಸುತ್ತಾನೆ. ಎಲ್ಲೆಲ್ಲಿಂದಲೋ ಬಂದ ಕೂಲಿಯವರ ಜೊತೆ ಅವರವರ ಭಾಷೆಯಲ್ಲಿ ಹರಕು ಮುರುಕು ಮಾತಾಡುತ್ತಾನೆ. ಅಲ್ಲಿ ಯಾರೂ ನಗುವುದಿಲ್ಲ. ಹಸಿದು ಬಂದವರು.

ಆ ಸಂಜೆ ಒಲೆ ಆರಿಸುವಾಗ ಅವ್ವನ ಹತ್ತಿರ ನಾನೊಬ್ಬಳೇ ಇದ್ದೆ. ಅವಳು ನನ್ನ ಜೊತೆ ಕನ್ನಡದಲ್ಲಿ ಮಾತಾಡಿದಳು.

"ಮದಿವ್ಯಾದ ಮ್ಯಾಲ ನಮ್ಮವ್ವನ ಮನ್ಯಾಗ ಅಳ್ಯಾನ ಮೊದಲ್ನೇ ಊಟ. ನಾವು ಅಕ್ಕತಂಗ್ಯಾರು ಬಾಗಲ ಹಿಂದ ನಿಂತಿದ್ವಿ. ನಿಮ್ಮಪ್ಪ ಯಾರ ಕಡಿಂದೋ ತೆಲುಗು ಕಲ್ತು ಬಂದಿದ್ರು. ತಾಟು ಸರ್ಸಿ ಇದೇ ಮಾತು ಕೇಳಿದ್ರು, ಹಿಂಗೇ, ಬಿಡಿಬಿಡಿ. ಎಲ್ಲಾರೂ ಬಿದ್ದು ಬಿದ್ದು ನಕ್ಕಿವಿ."

"ನೀನೂ ನಕ್ಕೇನು ಅವ್ವಾ?"

"ನಂದೇ ಜೋರು." ಅವಳು ಬೂದಿಯ ಮೇಲೆ ನೀರು ಚಿಮುಕಿಸಿದಳು. "ಅವತ್ತಿನಿಂದ ತೆಲುಗು ಬರಂಗಿಲ್ಲ ಅಂತ ಹೇಳ್ಕೋತ ಬಂದ್ರು. ನಾನೂ ಖರೇ ಅನ್ಕೊಂಡೆ. ನಾ ಮರತಿದ್ದೆ, ಶಾಂತಾ. ಅವ್ರು ಮರತಿಲ್ಲ."

ಮರುದಿನ ಸಂಜೆ ಊಟಕ್ಕೆ ಕುಳಿತಾಗ ಅಪ್ಪ ಯಾವ ಭಾಷೆಯಲ್ಲಿ ಕೇಳುತ್ತಾನೋ ಎಂದು ಕಾದೆವು. ಅವನು ಏನೂ ಕೇಳಲಿಲ್ಲ. ಅವ್ವ ಅವನ ತಾಟಿನ ಮೇಲೇ ಕಣ್ಣಿಟ್ಟು ಕುಳಿತಿದ್ದಳು. ಕೊನೆಯ ತುತ್ತು ಮುಗಿಯುವ ಮೊದಲೇ ಬಿಸಿ ರೊಟ್ಟಿ ಹಾಕಿದಳು, ನಡುವಿಗೆ, ಸರಿಯಾಗಿ. ಅಪ್ಪ ಇರುವ ತನಕ ಆ ಮನೆಯಲ್ಲಿ ಅವನು ಯಾವ ಭಾಷೆಯಲ್ಲೂ ರೊಟ್ಟಿ ಕೇಳಬೇಕಾಗಲಿಲ್ಲ.